ಗಾಳಿಯಲ್ಲಿ ನೇತಾಡುವ ಗಿಡದ ಕಷ್ಟಸುಖ: ತೂಗುಬುಟ್ಟಿಗೆ ಗಿಡ ಆರಿಸುವ ಬಗೆ

ನರ್ಸರಿಯಲ್ಲಿ ತೂಗುಹಾಕಿದ ಪೆಟೂನಿಯಾ ಬುಟ್ಟಿಯನ್ನು ನೋಡಿ ಬರಿಗೈಯಲ್ಲಿ ಮರಳುವುದು ಕಷ್ಟ. ಎಲೆ ಕಾಣದಷ್ಟು ಹೂ, ಚೆಂಡಿನಂತೆ ದುಂಡಗಿನ ಆಕಾರ. ಮನೆಗೆ ತಂದು ಹಿತ್ತಲಿನ ಚಾವಣಿಯ ಕೊಕ್ಕೆಗೆ ಸಿಕ್ಕಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ ಖುಷಿಪಡುತ್ತೇವೆ. ಮೂರನೆಯ ವಾರದ ಹೊತ್ತಿಗೆ ಬುಟ್ಟಿಯ ನೆತ್ತಿ ಬೋಳಾಗಿರುತ್ತದೆ, ಕಡ್ಡಿಯಂತಾದ ಕಾಂಡಗಳು ಜೋತುಬಿದ್ದಿರುತ್ತವೆ, ಅವುಗಳ ತುದಿಯಲ್ಲಿ ನಾಲ್ಕೈದು ಹೂ ಮಾತ್ರ ಉಳಿದಿರುತ್ತದೆ. ‘ನನ್ನ ಕೈಗುಣವೇ ಸರಿಯಿಲ್ಲ’ ಎಂದುಕೊಂಡು ಬುಟ್ಟಿಯನ್ನು ಇಳಿಸಿ ಮೂಲೆಗೆ ಸೇರಿಸುತ್ತೇವೆ.

ಕೈಗುಣದ ಮೇಲೆ ಅಪವಾದ ಹೊರಿಸುವ ಮುಂಚೆ ಬುಟ್ಟಿಯ ಕಡೆಯಿಂದ ಯೋಚಿಸಬೇಕು. ತೂಗುಬುಟ್ಟಿಯೆಂದರೆ ನೆಲದಿಂದ ಎತ್ತಿಟ್ಟ ಕುಂಡ ಅಷ್ಟೇ ಅಲ್ಲ. ಗಿಡದ ಮಟ್ಟಿಗೆ ಅದು ಬೇರೆಯದೇ ಒಂದು ಊರು; ಅಲ್ಲಿನ ಹವೆ ಬೇರೆ, ನೀರಿನ ಲೆಕ್ಕ ಬೇರೆ. ಆ ಊರಿನಲ್ಲಿ ಬಾಳಬಲ್ಲ ಗಿಡವನ್ನು ಆರಿಸಿದರೆ ಅರ್ಧ ಕೆಲಸ ಮುಗಿಯಿತು. ಹೂವಿನ ಬಣ್ಣವನ್ನು ನೋಡಿ ಆರಿಸುವವರಿಗೆ ಸಿಗದೆ ಹೋಗುವುದು ಈ ಅರ್ಧವೇ.

ಹಗ್ಗದ ಮೇಲಿನ ಬಟ್ಟೆ

ಒದ್ದೆ ಬಟ್ಟೆಯನ್ನು ಮಡಿಸಿ ನೆಲದ ಮೇಲಿಟ್ಟರೆ ಮರುದಿನವೂ ಹಸಿಯಾಗಿಯೇ ಇರುತ್ತದೆ. ಅದನ್ನೇ ಹಗ್ಗಕ್ಕೆ ಹರವಿದರೆ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ. ಬಟ್ಟೆ ಅದೇ, ಬಿಸಿಲೂ ಅದೇ. ಎಲ್ಲ ಕಡೆಯಿಂದಲೂ ಗಾಳಿ ತಾಗುವುದೊಂದೇ ವ್ಯತ್ಯಾಸ. ತೂಗುಬುಟ್ಟಿಯಲ್ಲಿರುವ ಮಣ್ಣು ಹಗ್ಗಕ್ಕೆ ಹರವಿದ ಬಟ್ಟೆಯಂತೆ.

ನೆಲದಲ್ಲಿ ಬೆಳೆದ ಗಿಡದ ಬೇರಿನ ಸುತ್ತ ಅಡಿಗಟ್ಟಲೆ ಮಣ್ಣಿರುತ್ತದೆ. ಮೇಲ್ಪದರ ಒಣಗಿದರೂ ಕೆಳಗೆ ತೇವ ಉಳಿದಿರುತ್ತದೆ. ಮಧ್ಯಾಹ್ನದ ಬಿಸಿ ಬೇರಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಬುಟ್ಟಿಯಲ್ಲಿ ಈ ಯಾವ ಆಸರೆಯೂ ಇಲ್ಲ. ಸುತ್ತಲೂ ಗಾಳಿ, ಅಡಿಯಲ್ಲಿಯೂ ಗಾಳಿ. ಬಿಸಿಲು ಬಿದ್ದರೆ ಬುಟ್ಟಿಯ ಗೋಡೆ ಕಾದು, ಅದಕ್ಕೆ ಒತ್ತಿಕೊಂಡಿರುವ ಬೇರು ನೇರವಾಗಿ ಬಿಸಿಯಾಗುತ್ತದೆ. ತಗಡು ಇಲ್ಲವೇ ಗಾಜಿನ ಚಾವಣಿಯ ಕೆಳಗಾದರೆ ಮೇಲಿನಿಂದಲೂ ಕಾವು ಇಳಿಯುತ್ತದೆ.

ಗಾಳಿಯ ಕೆಲಸ ಮಣ್ಣಿನಲ್ಲಿಯೇ ಮುಗಿಯುವುದಿಲ್ಲ. ಪ್ರತಿ ಎಲೆಯೂ ಸೂಕ್ಷ್ಮ ರಂಧ್ರಗಳ ಮೂಲಕ ನೀರಾವಿಯನ್ನು ಹೊರಬಿಡುತ್ತಲೇ ಇರುತ್ತದೆ. ಗಾಳಿ ಆಡದ ಕಡೆ ಈ ಆವಿ ಎಲೆಯ ಮೈಗೆ ತೆಳುವಾದ ಹೊದಿಕೆಯಂತೆ ಅಂಟಿಕೊಂಡು, ಇನ್ನಷ್ಟು ನೀರು ಹೋಗದಂತೆ ತುಸು ತಡೆಯುತ್ತದೆ. ಗಾಳಿ ಬೀಸಿದಾಗ ಆ ಹೊದಿಕೆ ಹಾರಿಹೋಗುತ್ತದೆ, ಎಲೆ ಮತ್ತೆ ನೀರು ಬಿಡುತ್ತದೆ, ಬೇರು ಮತ್ತೆ ಹೀರಬೇಕಾಗುತ್ತದೆ. ಬೇರಿನ ಬಳಿ ಕೊಡಲು ನೀರೇ ಇಲ್ಲದಿದ್ದರೆ ಎಲೆ ಬಾಡುತ್ತದೆ. ಒಮ್ಮೆ ನಾನು ಮನೆಯ ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಫರ್ನ್ ಬುಟ್ಟಿಯೊಂದನ್ನು ತೂಗುಹಾಕಿದ್ದೆ. ನೆರಳಿತ್ತು, ನೀರಿಗೂ ಕೊರತೆ ಮಾಡಿರಲಿಲ್ಲ. ಆದರೂ ಹತ್ತೇ ದಿನದಲ್ಲಿ ಅದರ ಗರಿಗಳ ತುದಿ ಸುಟ್ಟಂತೆ ಕಂದಾಯಿತು. ಓಣಿಯಲ್ಲಿ ಇಡೀ ದಿನ ಗಾಳಿ ಹರಿಯುತ್ತದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒಂದೂವರೆ ಪಟ್ಟು ಅಗಲ, ಮೂರು ಪಟ್ಟಿಗೂ ಮೀರಿದ ಮಣ್ಣು

ಗಿಡಕ್ಕಿಂತ ಮೊದಲು ಬುಟ್ಟಿಯ ಅಳತೆಯ ಮಾತು ಬರಬೇಕು, ಯಾಕೆಂದರೆ ಯಾವ ಗಿಡ ಬದುಕುತ್ತದೆ ಎಂಬುದನ್ನು ಬಹುಪಾಲು ಅದೇ ತೀರ್ಮಾನಿಸುತ್ತದೆ. 20 ಸೆಂಟಿಮೀಟರ್ ಅಗಲದ ಅರ್ಧಗೋಲದ ಬುಟ್ಟಿಯಲ್ಲಿ ಸುಮಾರು 2 ಲೀಟರ್ ಮಣ್ಣು ಹಿಡಿಸುತ್ತದೆ. 30 ಸೆಂಟಿಮೀಟರಿನ ಬುಟ್ಟಿಯಲ್ಲಿ ಎಷ್ಟು ಹಿಡಿಸಬಹುದು? ಮೂರು ಲೀಟರ್ ಎಂದು ಊಹಿಸುವವರೇ ಹೆಚ್ಚು. ನಿಜವಾಗಿ ಸುಮಾರು 7 ಲೀಟರ್ ಹಿಡಿಸುತ್ತದೆ. ಅಗಲದ ಜೊತೆಗೆ ಆಳವೂ ಹೆಚ್ಚುವುದರಿಂದ ಒಳಗಿನ ಜಾಗ ದಿಢೀರನೆ ಏರುತ್ತದೆ. 35 ಸೆಂಟಿಮೀಟರಿಗೆ ಹೋದರೆ ಅದು 11 ಲೀಟರ್ ದಾಟುತ್ತದೆ.

ಮಣ್ಣು ಗಿಡದ ನೀರಿನ ತೊಟ್ಟಿ ಇದ್ದಂತೆ. ಬಿಸಿ ದಿನಗಳಲ್ಲಿ ಎರಡು ಲೀಟರಿನ ಬುಟ್ಟಿ ಬೆಳಿಗ್ಗೆ ಕುಡಿದ ನೀರನ್ನು ಸಂಜೆಯೊಳಗೆ ಮುಗಿಸಿಬಿಡಬಹುದು. ಹಾಗಾಗಿ ಪುಟ್ಟ ಬುಟ್ಟಿ ಮುದ್ದಾಗಿ ಕಂಡರೂ ಅದಕ್ಕೆ ತಕ್ಕದ್ದು ನೀರು ಕೂಡಿಟ್ಟುಕೊಳ್ಳುವ ದಪ್ಪ ಎಲೆಯ ಗಿಡಗಳು ಮಾತ್ರ. ಹೂವಿನ ಗಿಡಗಳಿಗೆ 30 ಸೆಂಟಿಮೀಟರಿಗಿಂತ ಕಡಿಮೆಯದು ಬೇಡ ಎಂಬುದು ನನ್ನ ಪಟ್ಟು.

ದೊಡ್ಡದಾದಷ್ಟೂ ಭಾರ ಹೆಚ್ಚುತ್ತದೆ. 7 ಲೀಟರಿನ ಬುಟ್ಟಿ ನೀರು ಕುಡಿದ ಮೇಲೆ 6–7 ಕಿಲೋ ತೂಗಬಹುದು, ಗಾಳಿಗೆ ತೂಗಾಡುವಾಗ ಕೊಕ್ಕೆಯ ಮೇಲೆ ಇನ್ನೂ ಹೆಚ್ಚು ಎಳೆತ ಬೀಳುತ್ತದೆ. ಒಣ ಬುಟ್ಟಿಯನ್ನು ನೇತುಹಾಕಿ ನೋಡಿ ಕೊಕ್ಕೆ ಗಟ್ಟಿಯಿದೆ ಎಂದು ನಂಬಬಾರದು. ಹಸಿ ಬುಟ್ಟಿಯ ತೂಕಕ್ಕೆ ಎರಡು ಪಟ್ಟು ತಾಳುವಂಥ ಕೊಕ್ಕೆಯನ್ನು ತೊಲೆಗೋ ಗಟ್ಟಿ ಕಾಂಕ್ರೀಟಿಗೋ ಬಿಗಿಸಬೇಕು.

ಬುಟ್ಟಿಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದೂ ಮುಖ್ಯ. ತೆಂಗಿನ ನಾರು ಹಾಸಿದ ತಂತಿ ಬುಟ್ಟಿ ನೋಡಲು ಚೆಂದ, ಬೇರಿಗೆ ಗಾಳಿಯೂ ಚೆನ್ನಾಗಿ ಸಿಗುತ್ತದೆ. ಆದರೆ ಎಲ್ಲ ಬದಿಯಿಂದಲೂ ನೀರು ಆರುವುದರಿಂದ ಎಲ್ಲಕ್ಕಿಂತ ಬೇಗ ಒಣಗುತ್ತದೆ. ನಾರಿನ ಒಳಗೆ ತೂತು ಮಾಡಿದ ಪ್ಲಾಸ್ಟಿಕ್ ಹಾಳೆ ಹಾಸಿದರೆ ಎಷ್ಟೋ ವಾಸಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಅದರ ಅಡಿಯಲ್ಲಿ ಅಂಟಿಸಿದ ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆಯದಂತೆ, ಸೊಳ್ಳೆ ಮೊಟ್ಟೆಯಿಡದಂತೆ ನೋಡಿಕೊಂಡರಾಯಿತು.

ಕಣ್ಣು ಬೆಳಕಿನ ವಿಷಯದಲ್ಲಿ ಸುಳ್ಳು ಹೇಳುತ್ತದೆ

‘ನಮ್ಮ ವರಾಂಡದಲ್ಲಿ ಒಳ್ಳೆಯ ಬೆಳಕಿದೆ’ ಎನ್ನುವವರು ಸುಳ್ಳು ಹೇಳುವುದಿಲ್ಲ, ಅವರ ಕಣ್ಣು ಹೇಳುತ್ತದೆ. ಬೆಳಕು ಕಡಿಮೆಯಾದಂತೆ ಪಾಪೆ ಹಿಗ್ಗಿ, ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದು ಎಂದು ನಮಗೆ ತಿಳಿಯುವುದೇ ಇಲ್ಲ. ಬೆಳಕಿನ ಅಳತೆ ಲಕ್ಸ್‌ನಲ್ಲಿ ಹೇಳುವುದಾದರೆ ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000. ಚಾವಣಿಯ ಕೆಳಗೆ, ನಮಗೆ ಬೆಳ್ಳಗೆ ಕಾಣುವ ಜಾಗದಲ್ಲಿ ಅದು ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಮನೆಯೊಳಗೆ ಕೆಲವು ನೂರು ಅಷ್ಟೇ. ಗಿಡಕ್ಕೆ ಬೆಳಕೇ ಅಡುಗೆಯ ಒಲೆ. ಹೂ ಬಿಡುವುದು ಹೆಚ್ಚು ಅಡುಗೆ ಬೇಡುವ ಕೆಲಸ. ಸಾಕಾಗದ ಬೆಳಕಿನಲ್ಲಿ ಗಿಡ ಹೇಗೋ ಎಲೆ ಹೊತ್ತು ನಿಂತರೂ ಮೊಗ್ಗು ಬಿಡುವುದಿಲ್ಲ.

ನಿಮ್ಮ ಜಾಗದ ಬೆಳಕನ್ನು ಅಳೆಯಲು ಉಪಕರಣ ಬೇಡ. ಮೋಡವಿಲ್ಲದ ದಿನ ಬುಟ್ಟಿ ತೂಗುವ ಎತ್ತರದಲ್ಲಿ ಬಿಳಿ ಹಾಳೆಯೊಂದನ್ನು ಹಿಡಿದು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಚಾಚಿ. ಬೆರಳು ಎಣಿಸುವಂತೆ ಗಾಢವಾದ ನೆರಳು ಬಿದ್ದರೆ ಅದು ಬಿಸಿಲಿನ ಜಾಗ. ಕೈ ಎಂದು ಗೊತ್ತಾದರೂ ಅಂಚು ಮಸುಕಾಗಿದ್ದರೆ ಅರೆನೆರಳು. ಏನೋ ಮಬ್ಬು ಎನ್ನುವಷ್ಟೇ ಕಂಡರೆ ನೆರಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಬಾರಿ ನೋಡಿ. ಗಿಡದ ಚೀಟಿಗಳಲ್ಲಿ ‘ಪೂರ್ಣ ಬಿಸಿಲು’ ಎಂದು ಬರೆದಿದ್ದರೆ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ನೇರ ಬಿಸಿಲು ಎಂದರ್ಥ; ‘ಅರೆನೆರಳು’ ಎಂದರೆ 3ರಿಂದ 6 ಗಂಟೆ.

ಗಂಟೆಗಳನ್ನು ಎಣಿಸಿದರಷ್ಟೇ ಸಾಲದು. ಪೂರ್ವದ ಬಿಸಿಲು ತಂಪು ಹೊತ್ತಿನಲ್ಲಿ ಬೀಳುವುದರಿಂದ ಮೆದು ಎಲೆಯ ಗಿಡಗಳೂ ತಾಳಿಕೊಳ್ಳುತ್ತವೆ. ಪಶ್ಚಿಮದ ಬಿಸಿಲು ಬೀಳುವುದು ಗೋಡೆ, ನೆಲ, ಗಾಳಿ ಎಲ್ಲವೂ ಕಾದು ಕುಳಿತ ಮೇಲೆ. ನಾಲ್ಕೇ ಗಂಟೆ ಎಂದು ಅಲ್ಲಿ ತಂಪು ಬೇಡುವ ಹೂಗಿಡ ಫ್ಯೂಷಿಯಾವನ್ನು ತೂಗಿಸಿದರೆ ಬೆಂದುಹೋಗುತ್ತದೆ.

ಇನ್ನು, ನೀರು ಹಾಕುವವರು ಯಾರು?

ಇಲ್ಲಿ ಪ್ರಾಮಾಣಿಕವಾಗಿ ಉತ್ತರಿಸಬೇಕು. ಪ್ರತಿದಿನ ತಪ್ಪದೆ ನೀರು ಹಾಕುವ ಜನ ಮನೆಯಲ್ಲಿದ್ದಾರೆಯೇ, ಅಥವಾ ನೆನಪಾದಾಗ ಹಾಕುವವರೇ ಎಲ್ಲರೂ? ಬಿಸಿಲು–ನೆರಳು ಮತ್ತು ಈ ಪ್ರಶ್ನೆಯ ಉತ್ತರ, ಎರಡನ್ನೂ ಕೂಡಿಸಿದರೆ ಗಿಡಗಳ ಪಟ್ಟಿ ತಾನಾಗಿಯೇ ಸಣ್ಣದಾಗುತ್ತದೆ.

ಬಿಸಿಲೂ ಇದೆ, ದಿನಾ ನೀರು ಹಾಕುವ ಕೈಯೂ ಇದೆ ಎನ್ನುವವರಿಗೆ ಪೆಟೂನಿಯಾ, ಅದರ ಚಿಕ್ಕ ತಂಗಿಯಂತಿರುವ ಕ್ಯಾಲಿಬ್ರಾಕೋವಾ, ವರ್ಬೆನಾ ಇವೆಲ್ಲ ಸಲ್ಲುತ್ತವೆ. ಹೂವಿನ ಅಬ್ಬರದಲ್ಲಿ ಇವುಗಳನ್ನು ಮೀರಿಸುವುದು ಕಷ್ಟ, ಹಟದಲ್ಲಿಯೂ ಅಷ್ಟೇ. ಪೆಟೂನಿಯಾಕ್ಕೆ ನೀರಿನಷ್ಟೇ ಗೊಬ್ಬರವೂ ಬೇಕು. ಬಾಡಿದ ಹೂವನ್ನು ಕೀಳುತ್ತಿರಬೇಕು, ಅದರಲ್ಲಿಯೂ ಒಂದು ಕ್ರಮವಿದೆ. ಒಣಗಿದ ದಳವನ್ನಷ್ಟೇ ಎಳೆದರೆ ಅದು ಸುಲಭವಾಗಿ ಕೈಗೆ ಬರುತ್ತದೆ, ಆದರೆ ಹಸಿರು ಪುಷ್ಪಪಾತ್ರೆಯೊಳಗೆ ಸಾಸಿವೆಗಿಂತ ತುಸು ದೊಡ್ಡದಾದ ಮೊನಚು ಕಾಯಿಯೊಂದು ಉಳಿದುಬಿಡುತ್ತದೆ. ಬೀಜವಾಗುವುದು ಅದರಲ್ಲಿಯೇ. ಬೀಜ ಕಟ್ಟಲು ಶುರುವಾದರೆ ಗಿಡಕ್ಕೆ ಹೊಸ ಹೂ ಬಿಡುವ ಅವಸರ ಇರುವುದಿಲ್ಲ. ಆದ್ದರಿಂದ ತೊಟ್ಟನ್ನು ಸೇರಿಸಿ ಚಿವುಟಬೇಕು. ಈ ಕೆಲಸ ಮುಗಿಯುವಷ್ಟರಲ್ಲಿ ಬೆರಳೆಲ್ಲ ಅಂಟಂಟಾಗುತ್ತದೆ. ಅದರ ಎಲೆ, ಕಾಂಡಗಳ ಮೇಲಿನ ಕೂದಲಿನಂಥ ಗ್ರಂಥಿಗಳಿಂದ ಒಸರುವ ಅಂಟು ಅದು. ಜೋರು ಮಳೆಗೆ ಪೆಟೂನಿಯಾದ ತೆಳು ದಳಗಳು ಒದ್ದೆ ಕಾಗದದಂತೆ ಮುದ್ದೆಯಾಗುತ್ತವೆ. ಸುಡುವ ಬೇಸಿಗೆಯಲ್ಲಿಯೂ ಅದು ಸೊರಗುತ್ತದೆ. ಚಳಿ ಪ್ರದೇಶದಲ್ಲಿ ಬೇಸಿಗೆಯ ಹೂವಾಗಿರುವ ಇದೇ ಗಿಡವನ್ನು ಬಿಸಿ ಪ್ರದೇಶಗಳಲ್ಲಿ ತಂಪು ಕಾಲದಲ್ಲಿ ಬೆಳೆಯುವುದು ಇದೇ ಕಾರಣಕ್ಕೆ.

ಬಿಸಿಲಿದೆ, ನೀರಿನ ನೆನಪಿಲ್ಲ ಎನ್ನುವವರಿಗೆ ಪೋರ್ಚುಲಾಕಾ. ಸೂಜಿಯಂತೆ ದುಂಡಗಿರುವ ಅದರ ರಸಭರಿತ ಎಲೆಗಳೇ ನೀರಿನ ಉಗ್ರಾಣ. ಹೂ ಅರಳುವುದು ಬಿಸಿಲೇರಿದ ಮೇಲೆ. ಮೋಡ ಕವಿದ ದಿನ ಅದು ಕಣ್ಣೇ ತೆರೆಯುವುದಿಲ್ಲ. ಸಂಜೆ ಮಾತ್ರ ಹಿತ್ತಲಿನಲ್ಲಿ ಕೂರುವವರಿಗೆ ಮುಚ್ಚಿದ ಮೊಗ್ಗುಗಳ ದರ್ಶನವಷ್ಟೇ ಆಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಕ್ಷಿಣ ಆಫ್ರಿಕಾದ ಮೂಲದ, ಐವಿ ಎಲೆಯ ಪೆಲಾರ್ಗೋನಿಯಂ ಇನ್ನೊಂದು ಗಟ್ಟಿಗ. ಜಿರೇನಿಯಂ ಎಂಬ ಹೆಸರಿನಲ್ಲಿ ಸಿಗುವ ಇದರ ಎಲೆ ದಪ್ಪ, ಮೇಣ ಸವರಿದಂತೆ ನುಣುಪು. ಆ ನುಣುಪೇ ನೀರು ಆವಿಯಾಗದಂತೆ ಕಾಯುವ ಲೇಪ. ನೀಲಿ ಹೂವಿನ ಇವಾಲ್ವುಲಸ್ ಕೂಡ ಬಿಸಿಲಿಗೆ ಹೆದರುವ ಗಿಡವಲ್ಲ.

ನೆರಳಿದೆ, ನೀರು ಹಾಕುವ ಕೈಯೂ ಇದೆ ಎಂದಾದರೆ ಬಾಸ್ಟನ್ ಫರ್ನ್‌ನ ಮುಂದೆ ಉಳಿದವು ಮಂಕು. 1894ರಲ್ಲಿ ಅಮೆರಿಕದ ಬಾಸ್ಟನ್ ನಗರಕ್ಕೆ ಬಂದ ಫರ್ನ್‌ಗಳ ರಾಶಿಯಲ್ಲಿ, ಉಳಿದವುಗಳಂತೆ ನೆಟ್ಟಗೆ ನಿಲ್ಲದೆ ಬಾಗಿ ಇಳಿಯುವ ಗರಿಗಳ ಗಿಡವಾಗಿ ಇದು ಗಮನಕ್ಕೆ ಬಂತು. ತೂಗುಬುಟ್ಟಿಗೆ ಹೇಳಿಮಾಡಿಸಿದ ಆ ಬಾಗುವಿಕೆಯೇ ಅದರ ಭಾಗ್ಯ. ಒಮ್ಮೆ ಬೇರು ಪೂರ್ತಿ ಒಣಗಿತೋ, ಗರಿಗಳು ಉದುರಿ ಕೆಳಗಿನ ನೆಲವೆಲ್ಲ ಕಂದು ಪುಡಿ. ಫ್ಯೂಷಿಯಾ, ಇಂಪೇಷನ್ಸ್, ಜೋಲುವ ಬಿಗೋನಿಯಾ ಇದೇ ಗುಂಪಿನ ಹೂಗಿಡಗಳು. ಇವುಗಳಲ್ಲಿ ಫ್ಯೂಷಿಯಾಕ್ಕೆ ನೆರಳಷ್ಟೇ ಸಾಲದು, ತಂಪೂ ಬೇಕು. ಬಿಸಿ ಊರಿನವರು ಅದರ ಆಸೆ ಬಿಡುವುದು ಲೇಸು.

ನೆರಳೂ ಇದೆ, ಮರೆವೂ ಇದೆಯೇ? ಹೆಚ್ಚಿನ ಮನೆಗಳ ಸತ್ಯ ಇದು. ಸ್ಪೈಡರ್ ಪ್ಲಾಂಟ್‌ನ ಮಣ್ಣನ್ನು ಕೊಡವಿ ನೋಡಿದರೆ ಬೆರಳಿನಂತೆ ಉಬ್ಬಿದ ಬಿಳಿ ಬೇರುಗಳು ಕಾಣುತ್ತವೆ. ಅವುಗಳಲ್ಲಿ ನೀರು ಕೂಡಿಟ್ಟುಕೊಂಡಿರುವುದರಿಂದ ಎರಡು ದಿನ ನೀರು ತಪ್ಪಿದರೂ ಅದು ಮುನಿಯುವುದಿಲ್ಲ. ಉದ್ದನೆಯ ತಂತಿಯಂಥ ಕಾಂಡ ಬಿಟ್ಟು, ಅದರ ತುದಿಯಲ್ಲಿ ಮರಿಗಳನ್ನು ತೂಗಿಸುವ ಇದರ ಚಂದವನ್ನು ನೋಡಲು ತೂಗುಬುಟ್ಟಿಯೇ ಬೇಕು. ಮನಿ ಪ್ಲಾಂಟ್, ಹೋಯಾ, ಡಿಸ್ಕಿಡಿಯಾ ಸಹ ಇಲ್ಲಿಗೆ ಸೇರುತ್ತವೆ. ಕೊನೆಯ ಎರಡರ ಬಗ್ಗೆ ಒಂದು ಮಾತು: ಇವುಗಳ ಹಲವು ಪ್ರಭೇದಗಳು ಕಾಡಿನಲ್ಲಿ ನೆಲ ಮುಟ್ಟದೆ ಮರದ ಕೊಂಬೆಗಳ ಮೇಲೆ ಬದುಕುವಂಥವು. ಮಳೆ ಬಂದಾಗ ನೆನೆದು, ನಿಂತಾಗ ಒಣಗುವುದು ಅವುಗಳಿಗೆ ಹುಟ್ಟಿನಿಂದಲೇ ರೂಢಿ. ನಮಗೆ ಕಷ್ಟವೆನಿಸುವ ಬುಟ್ಟಿಯ ಬಾಳು ಅವುಗಳಿಗೆ ತವರುಮನೆಯಂತೆ.

ಸ್ಪೈಡರ್ ಪ್ಲಾಂಟ್ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂಬ ಮಾತನ್ನು ಕೇಳಿರುತ್ತೀರಿ. ಈ ನಂಬಿಕೆ ಹಬ್ಬಲು ಮುಖ್ಯ ಕಾರಣ 1989ರಲ್ಲಿ ಪ್ರಕಟವಾದ ನಾಸಾದ ಅಧ್ಯಯನ. ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಾಲ್ಕೂ ಕಡೆ ಗಾಳಿಯಾಡುವ ಹಿತ್ತಲಿಗೆ ಅದನ್ನು ಅನ್ವಯಿಸಲಾಗದು.

ಇಳಿಯುವ ಬಳ್ಳಿ, ಹತ್ತಬೇಕಿದ್ದ ಬಳ್ಳಿ

ಬುಟ್ಟಿಯಿಂದ ಇಳಿಬೀಳುವ ಗಿಡಗಳೆಲ್ಲ ಒಂದೇ ಜಾತಿಯ ಸ್ವಭಾವದವಲ್ಲ. ಕೆಲವು ನೆಲದ ಮೇಲೆ ಚಾಪೆಯಂತೆ ಹರಡುವಂಥವು. ಬುಟ್ಟಿಯ ಅಂಚು ಮುಗಿದ ಕೂಡಲೇ ಹರಡಲು ನೆಲವಿಲ್ಲದೆ ಕೆಳಗೆ ಜಾರುತ್ತವೆ. ಪೋರ್ಚುಲಾಕಾ, ವರ್ಬೆನಾ, ನೇರಳೆ–ಬೆಳ್ಳಿ ಪಟ್ಟೆಯ ಟ್ರೇಡೆಸ್ಕಾಂಶಿಯಾ ಹೀಗೆ. ಇನ್ನು ಕೆಲವು, ಮೇಲೆ ಹತ್ತಬೇಕಾಗಿದ್ದರೂ ಆಸರೆ ಸಿಗದೆ ಕೆಳಗಿಳಿದಂಥವು. ಮನಿ ಪ್ಲಾಂಟ್ ಅಂಥದ್ದು. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ ಈ ಬಳ್ಳಿ ಮರ ಸಿಕ್ಕಿದರೆ ಹತ್ತುತ್ತಾ ಹೋಗುತ್ತದೆ, ಹತ್ತಿದಂತೆಲ್ಲ ಎಲೆ ದೊಡ್ಡದಾಗುತ್ತಾ ಮೊಳದುದ್ದಕ್ಕೂ ಬೆಳೆಯುತ್ತದೆ. ಅದೇ ಬಳ್ಳಿ ಜೋತುಬಿದ್ದರೆ ಎಲೆ ಚಿಕ್ಕದಾಗುತ್ತಾ ಬರುತ್ತದೆ. ಬುಟ್ಟಿಯಲ್ಲಿ ಅದರ ತುದಿ ಬಡಕಲಾದರೆ ಗೊಬ್ಬರ ಸಾಲದು ಎಂದು ಸುರಿಯಬೇಡಿ. ಬಳ್ಳಿಯನ್ನು ಕತ್ತರಿಸಿ, ಗೆಣ್ಣಿರುವ ತುಂಡುಗಳನ್ನು ಅದೇ ಬುಟ್ಟಿಗೆ ಊರಿ.

ಕತ್ತರಿಸುವುದೇಕೆ ಎಂಬುದಕ್ಕೂ ವಿಜ್ಞಾನವಿದೆ. ಪ್ರತಿ ಕಾಂಡದ ಕುಡಿಯಲ್ಲಿ ಆಕ್ಸಿನ್ ಎಂಬ ಚೋದಕ ತಯಾರಾಗಿ ಕೆಳಗೆ ಹರಿಯುತ್ತದೆ. ‘ಬೆಳೆಯುವುದು ನಾನೊಬ್ಬನೇ, ನೀವು ಸುಮ್ಮನಿರಿ’ ಎಂದು ಬದಿಯ ಮೊಗ್ಗುಗಳಿಗೆ ಅದು ಗದರಿದಂತೆ. ಕುಡಿಯನ್ನು ಚಿವುಟಿದರೆ ಗದರುವವರೇ ಇಲ್ಲ. ಕೆಳಗಿನ ಗೆಣ್ಣುಗಳಿಂದ ಎರಡು ಮೂರು ಚಿಗುರು ಒಟ್ಟಿಗೆ ಹೊರಡುತ್ತವೆ. ಗಿಡ ತಂದ ಮೊದಲ ವಾರದಲ್ಲಿಯೇ ಕುಡಿ ಚಿವುಟಲು ಮನಸ್ಸು ಗಟ್ಟಿ ಬೇಕು. ಮೊಗ್ಗಿರುವ ಕುಡಿಯನ್ನು ಕಿತ್ತೊಗೆಯುವಾಗ ಹೊಟ್ಟೆ ಚುರ್ ಎನ್ನುತ್ತದೆ. ತಿಂಗಳೊಳಗೆ ಗಿಡ ಅದನ್ನು ಮರಳಿ ಕೊಡುತ್ತದೆ.

ಆರಂಭದಲ್ಲಿ ಹೇಳಿದ ಬೋಳು ನೆತ್ತಿಗೆ ಇನ್ನೊಂದು ಕಾರಣವೂ ಇದೆ. ಬುಟ್ಟಿಯನ್ನು ಚಾವಣಿಗೆ ಒತ್ತಿ ತೂಗುಹಾಕಿದರೆ ಬೆಳಕು ಬದಿಯಿಂದ ಬರುತ್ತದೆ, ಮೇಲಿನಿಂದ ಬರುವುದಿಲ್ಲ. ಇಳಿಬಿದ್ದ ಕಾಂಡಗಳಿಗೆ ಊಟ ಸಿಗುತ್ತದೆ, ನೆತ್ತಿಗೆ ಉಪವಾಸ. ಗಿಡವನ್ನು ಕೆಳಗಿನಿಂದಷ್ಟೇ ನೋಡುವ ನಮಗೆ ಅದು ಕಾಣುವುದೂ ತಡವಾಗಿಯೇ. ಸರಪಳಿಯನ್ನು ಉದ್ದಮಾಡಿ, ಬುಟ್ಟಿಯ ಅಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಇಳಿಸಿ. ಆಗ ನೆತ್ತಿಗೆ ಬೆಳಕು ಬೀಳುತ್ತದೆ, ನಿಮ್ಮ ಕಣ್ಣೂ ಬೀಳುತ್ತದೆ, ಏಣಿಯಿಲ್ಲದೆ ನೀರೂ ಹಾಕಬಹುದು. ಓಡಾಡುವ ದಾರಿಯಲ್ಲಿ ಮಾತ್ರ ಹಾಗೆ ಇಳಿಸಬೇಡಿ, ಹಣೆಗೆ ಬಡಿದೀತು.

ಒಂದೇ ಬುಟ್ಟಿಯಲ್ಲಿ ಹಲವು

ಮಧ್ಯದಲ್ಲಿ ಎದ್ದು ನಿಲ್ಲುವುದೊಂದು, ಅದರ ಸುತ್ತ ತುಂಬಿಕೊಳ್ಳುವುದೊಂದು, ಅಂಚಿನಿಂದ ಇಳಿಯುವುದೊಂದು: ಬೆರಕೆ ಬುಟ್ಟಿಗೆ ಎಲ್ಲರೂ ಹೇಳುವ ಸೂತ್ರ ಇದು. ನೋಟಕ್ಕೆ ಸೂತ್ರ ಸರಿಯೇ. ಆದರೆ ಬಾಯಾರಿಕೆ ಹೊಂದದವರನ್ನು ಒಂದೇ ಮನೆಯಲ್ಲಿ ಕೂರಿಸಿದರೆ ಸಂಸಾರ ನಡೆಯುವುದಿಲ್ಲ. ಪೋರ್ಚುಲಾಕಾದ ಪಕ್ಕ ಫರ್ನ್ ನೆಟ್ಟರೆ ನೀವು ಎಷ್ಟು ನೀರು ಹಾಕಿದರೂ ಒಂದಕ್ಕೆ ತಪ್ಪೇ. 30 ಸೆಂಟಿಮೀಟರಿನ ಬುಟ್ಟಿಗೆ ಮೂರರಿಂದ ಐದು ಸಸಿ ಸಾಕು. ನೆಟ್ಟ ದಿನ ಖಾಲಿ ಖಾಲಿ ಕಾಣುತ್ತದೆ, ಕಾಣಲಿ. ನನ್ನನ್ನು ಕೇಳಿದರೆ ಒಂದೇ ಬಗೆಯ, ಒಂದೇ ಬಣ್ಣದ ಗಿಡ ತುಂಬಿದ ಬುಟ್ಟಿಯೇ ಚೆಂದ. ಅದರಲ್ಲಿ ಗೊಂದಲವೂ ಕಡಿಮೆ.

ಸ್ಪಂಜಿನ ಪಾಠ

ತೋಟದ ಮಣ್ಣನ್ನು ಬುಟ್ಟಿಗೆ ತುಂಬಬಾರದು. ಅದು ಭಾರ, ಮತ್ತೆ ಮತ್ತೆ ನೀರು ಬಿದ್ದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಕೊಕೊಪೀಟ್ ಎಂಬ ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಹರಳು ಕಲಸಿದ ಮಿಶ್ರಣ ಸಾಕು. ದಪ್ಪ ಎಲೆಯ ಗಿಡಗಳಿಗೆ ಪರ್ಲೈಟ್ ಹೆಚ್ಚು ಇರಲಿ.

ಅಡಿಗೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ತಪ್ಪು ಕೂಡ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಮಲಗಿಸಿ ಹಿಡಿಯಿರಿ. ಹನಿ ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಎಷ್ಟೇ ಎತ್ತರವಿದ್ದರೂ ಅದರ ಅಡಿಯಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ತುಂಬಿ ನಿಂತೇ ಇರುತ್ತದೆ. ಎತ್ತರ ಹೆಚ್ಚಿದಷ್ಟೂ ಆ ಮಟ್ಟದ ಮೇಲಿನ ಭಾಗ ಹೆಚ್ಚು ಬಸಿಯುತ್ತದೆ. ಕುಂಡದ ಮಣ್ಣಿನಲ್ಲಿಯೂ ಇದೇ ನಡೆಯುತ್ತದೆ. ಜಲ್ಲಿ ಹಾಕಿದರೆ ಮಣ್ಣಿನ ಎತ್ತರ ಕಡಿಮೆಯಾಗುತ್ತದೆ, ನೀರು ನಿಲ್ಲುವ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಬೇಕಾಗಿರುವುದು ತೂತುಗಳು, ಕಲ್ಲಲ್ಲ. ಬುಟ್ಟಿಗಾದರೆ ಕಲ್ಲಿನ ಭಾರವೂ ದಂಡ.

ಪದೇ ಪದೇ ನೀರು ಹಾಕುವಾಗ ಮಣ್ಣಿನ ಪೋಷಕಾಂಶಗಳೂ ತೊಳೆದು ಕೆಳಗೆ ಹೋಗುತ್ತವೆ. ನಿಧಾನವಾಗಿ ಕರಗುವ ಗುಳಿಗೆ ಗೊಬ್ಬರವನ್ನು ನೆಡುವಾಗಲೇ ಬೆರೆಸಿ, ಹೂಗಿಡಗಳಿಗೆ ಹದಿನೈದು ದಿನಕ್ಕೊಮ್ಮೆ ದ್ರವ ಗೊಬ್ಬರವನ್ನು ತೆಳುವಾಗಿ ಕೊಟ್ಟರೆ ಸರಿಹೋಗುತ್ತದೆ. ಒಣಗಿದ ಬುಟ್ಟಿಗೆ ನೇರವಾಗಿ ಗೊಬ್ಬರದ ನೀರು ಹಾಕಬೇಡಿ, ಬೇರು ಸುಡುತ್ತದೆ. ಮೊದಲು ಬರಿ ನೀರು.

ಮಕ್ಕಳು, ಬೆಕ್ಕು, ಬೇಲಿಯಾಚೆ

ಮನಿ ಪ್ಲಾಂಟ್‌ನ ಎಲೆ, ಕಾಂಡಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಜಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಐವಿ ಬಳ್ಳಿ, ಲ್ಯಾಂಟಾನಾ ಕೂಡ ತಿನ್ನತಕ್ಕವಲ್ಲ. ಎತ್ತರದಲ್ಲಿದೆ ಎಂದು ನಿಶ್ಚಿಂತೆಯಿಂದಿರುವಾಗಲೇ ಬಳ್ಳಿ ಇಳಿದು ಕೈಗೆಟುಕುತ್ತದೆ. ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್ ಎರಡೂ ಬೆಕ್ಕು ನಾಯಿಗಳಿಗೆ ವಿಷವಲ್ಲ. ಬೆಕ್ಕು ಸ್ಪೈಡರ್ ಪ್ಲಾಂಟ್‌ನ ಮರಿಗಳ ಜೊತೆ ಆಡದೆ ಬಿಡುವುದಿಲ್ಲ, ಅದು ಬೇರೆ ಮಾತು.

ಸುಲಭವಾಗಿ ಬೇರೂರುವುದು ಬುಟ್ಟಿಯೊಳಗೆ ಗುಣ, ಹೊರಗೆ ಪೀಡೆ. ಲ್ಯಾಂಟಾನಾ, ಟ್ರೇಡೆಸ್ಕಾಂಶಿಯಾ, ಮನಿ ಪ್ಲಾಂಟ್ ಮೂರೂ ತಮ್ಮ ನೆಲೆಯಾಚೆ ಕಾಡಿಗೆ ನುಗ್ಗಿ ಹಬ್ಬಿದ ಉದಾಹರಣೆಗಳಿವೆ. ಕತ್ತರಿಸಿದ ತುಂಡುಗಳನ್ನು ಬೇಲಿಯಾಚೆ ಎಸೆಯಬೇಡಿ.

ನರ್ಸರಿಯಲ್ಲಿ ನಿಂತಾಗ

ಹೂ ತುಂಬಿದ ಗಿಡಕ್ಕಿಂತ ಮೊಗ್ಗು ತುಂಬಿದ ಗಿಡವನ್ನು ಎತ್ತಿಕೊಳ್ಳಿ. ಅರಳಿದ ಹೂವನ್ನು ನರ್ಸರಿಯವರು ನೋಡಿಯಾಗಿದೆ, ಅರಳಬೇಕಾದದ್ದು ನಿಮ್ಮ ಪಾಲಿಗೆ. ಎಲೆಯನ್ನು ಮಗುಚಿ ನೋಡಿ. ಗೆಣ್ಣಿನ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬಿಳಿಯದೇನಾದರೂ ಅಂಟಿದ್ದರೆ ಅದು ಹಿಟ್ಟು ತಿಗಣೆ. ತೆಳುವಾದ ಬಲೆ, ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆಗಳಿದ್ದರೆ ನುಸಿ. ಎರಡೂ ಬೇಡ. ಕುಂಡದ ತಳದ ತೂತಿನಿಂದ ಬೇರು ದಟ್ಟವಾಗಿ ಹೊರಬಂದಿದ್ದರೆ ಗಿಡ ಬಹಳ ದಿನದಿಂದ ಇಕ್ಕಟ್ಟಿನಲ್ಲಿದೆ ಎಂದು ತಿಳಿಯಿರಿ. ಅಂಥದ್ದನ್ನು ತಂದರೆ ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ ನೆಡಬೇಕು.

ನರ್ಸರಿಯ ಗಿಡ ನೆರಳುಪರದೆಯ ಕೆಳಗೆ, ಹೊತ್ತಿಗೆ ಸರಿಯಾಗಿ ನೀರು ಕುಡಿದು ಬೆಳೆದ ಕೂಸು. ಬಿಸಿಲಿಗೆ ಬೇಕಾದ ಗಿಡವೇ ಆದರೂ ಮೊದಲ ದಿನವೇ ನೇರ ಬಿಸಿಲಿಗೆ ತೂಗಿದರೆ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಒಂದು ಗಂಟೆ, ಎರಡು ಗಂಟೆ ಎಂದು ಏರಿಸುತ್ತಾ ವಾರ ಹತ್ತು ದಿನದಲ್ಲಿ ಒಗ್ಗಿಸಬೇಕು.

ನೀರು, ಮತ್ತು ನೀವಿಲ್ಲದ ದಿನಗಳು

ಬುಟ್ಟಿಗೆ ನೀರು ಬೇಕೋ ಬೇಡವೋ ಎಂಬುದನ್ನು ಅಂಗೈ ಹೇಳುತ್ತದೆ. ನೀರು ಹಾಕಿದ ಅರ್ಧ ಗಂಟೆಯ ಬಳಿಕ ಅಡಿಗೆ ಅಂಗೈ ಕೊಟ್ಟು ಸ್ವಲ್ಪ ಎತ್ತಿ ನೋಡಿ, ಭಾರ ನೆನಪಿಟ್ಟುಕೊಳ್ಳಿ. ಮರುದಿನ ಮತ್ತೆ ಎತ್ತಿ. ನಾಲ್ಕು ದಿನದಲ್ಲಿ ಕೈಗೆ ಲೆಕ್ಕ ಸಿಗುತ್ತದೆ. ಮಳೆ ಬಂದಿದೆ ಎಂದು ಸುಮ್ಮನಾಗಬೇಡಿ. ದಟ್ಟವಾಗಿ ಬೆಳೆದ ಗಿಡ ಕೊಡೆಯಂತೆ ನೀರನ್ನು ಹೊರಗೆ ಚೆಲ್ಲಿಬಿಡುತ್ತದೆ, ಚಾವಣಿಯ ಕೆಳಗಿನ ಬುಟ್ಟಿಗಂತೂ ಹನಿಯೂ ಸೇರಿರುವುದಿಲ್ಲ.

ಪೂರ್ತಿ ಒಣಗಿದ ಬುಟ್ಟಿಯಲ್ಲಿ ಇನ್ನೊಂದು ಮೋಸವಿದೆ. ಮಿಶ್ರಣ ಕುಗ್ಗಿ, ಬುಟ್ಟಿಯ ಗೋಡೆಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿಯಿಂದಲೇ ಜಾರಿ ಕೆಳಗೆ ಸುರಿಯುತ್ತದೆ, ನೀರು ಕುಡಿಯಿತೆಂದು ನಾವು ತಿಳಿಯುತ್ತೇವೆ. ಆಗ ಬುಟ್ಟಿಯನ್ನು ಇಳಿಸಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ. ಗುಳುಗುಳು ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ ಬಸಿಯಲು ಬಿಡಿ.

ನಾಲ್ಕೈದು ದಿನ ಮನೆಯಲ್ಲಿ ಇರುವುದಿಲ್ಲ ಎಂದಾದರೆ ಬುಟ್ಟಿಗಳನ್ನು ಕೊಕ್ಕೆಯಲ್ಲಿಯೇ ಬಿಟ್ಟು ಹೋಗಬೇಡಿ. ಹೂವನ್ನೆಲ್ಲ ಚಿವುಟಿ, ಚೆನ್ನಾಗಿ ನೆನೆಸಿ, ಗಾಳಿಯಾಡದ ನೆರಳಿನ ಮೂಲೆಯೊಂದರಲ್ಲಿ ಒಂದಕ್ಕೊಂದು ತಾಗುವಂತೆ ನೆಲದ ಮೇಲೆ ಇಳಿಸಿಡಿ. ಹಗ್ಗದಿಂದ ತೆಗೆದ ಬಟ್ಟೆ ಅಷ್ಟು ಬೇಗ ಆರುವುದಿಲ್ಲ.